ಕಥೆ ಯಾರದು? ಹಿಂದಿ ಪರದೆಯ ಹಳೆಯ ಎಳೆಗಳು, ಕನ್ನಡದ ಪಾಲು

ಹುಬ್ಬಳ್ಳಿ: ದುಡಿದದ್ದನ್ನೆಲ್ಲ ಮಕ್ಕಳಿಗಾಗಿ ವ್ಯಯಿಸಿದ ವೃದ್ಧ ದಂಪತಿ. ಇಳಿವಯಸ್ಸಿನಲ್ಲಿ ಅವರನ್ನು ಒಟ್ಟಿಗೆ ಸಾಕಲು ಯಾವ ಮಗನೂ ಸಿದ್ಧನಿಲ್ಲ. ತಂದೆ ಒಬ್ಬನ ಮನೆಗೆ, ತಾಯಿ ಮತ್ತೊಬ್ಬನ ಮನೆಗೆ. ಕೊನೆಗೆ ಅವರ ಕೈ ಹಿಡಿಯುವವನು ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಹೊರಗಿನವನು. ಈ ಕಥೆಯನ್ನು ಕೇಳಿದ ಕೂಡಲೇ ಬಹುತೇಕ ಪ್ರೇಕ್ಷಕರ ನೆನಪಿಗೆ ಬರುವುದು 2003ರಲ್ಲಿ ತೆರೆಕಂಡ ಅಮಿತಾಭ್ ಬಚ್ಚನ್, ಹೇಮಾ ಮಾಲಿನಿ ಅಭಿನಯದ ಹಿಂದಿ ಚಿತ್ರ 'ಬಾಗ್‌ಬಾನ್'. ನಾಲ್ಕು ವರ್ಷಗಳ ನಂತರ, 2007ರಲ್ಲಿ ಅದು ವಿಷ್ಣುವರ್ಧನ್ ಮತ್ತು ಜಯಪ್ರದಾ ಜೋಡಿಯ 'ಈ ಬಂಧನ' ಆಗಿ ಕನ್ನಡಕ್ಕೂ ಬಂತು. ಹಿಂದಿಯ ಯಶಸ್ವಿ ಚಿತ್ರವನ್ನು ಕನ್ನಡದವರು ಎರವಲು ಪಡೆದರು ಎಂದೇ ಅಂದು ಎಲ್ಲರೂ ಭಾವಿಸಿದರು.

ಆದರೆ ಕಥೆಯ ಜಾಡು ಹಿಡಿದು ಹಿಂದಕ್ಕೆ ಹೋದರೆ ಸಿಗುವ ಚಿತ್ರಣವೇ ಬೇರೆ. 'ಬಾಗ್‌ಬಾನ್'ಗಿಂತ 45 ವರ್ಷ ಮೊದಲು, 1958ರಲ್ಲಿ, ಬಿ.ಆರ್. ಪಂತುಲು ಕನ್ನಡದಲ್ಲಿ 'ಸ್ಕೂಲ್ ಮಾಸ್ಟರ್' ನಿರ್ದೇಶಿಸಿದ್ದರು. ಮುಖ್ಯ ಪಾತ್ರಗಳಲ್ಲಿ ಅವರೊಂದಿಗೆ ಎಂ.ವಿ. ರಾಜಮ್ಮ ನಟಿಸಿದ್ದರು. ಅಲ್ಲಿಯೂ ಮಕ್ಕಳು ಹೆತ್ತವರನ್ನು ಹಂಚಿಕೊಳ್ಳುತ್ತಾರೆ. ನೆರವಿಗೆ ಬರುವವನು ಮೇಷ್ಟ್ರ ಹಳೆಯ ಶಿಷ್ಯ. ಮರುವರ್ಷವೇ ಈ ಚಿತ್ರ ಹಿಂದಿಗೂ ಹೋಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ, 1954ರಲ್ಲಿ, ರಾಜಾ ಪರಾಂಜಪೆ ಅವರು ಮರಾಠಿಯಲ್ಲಿ ಇದೇ ವಸ್ತುವಿನ 'ಊನ್ ಪಾವುಸ್' ತೆಗೆದಿದ್ದರು. ಇನ್ನೂ ಹಿಂದಕ್ಕೆ ಸರಿದರೆ 1937ರ ಹಾಲಿವುಡ್ ಚಿತ್ರ 'ಮೇಕ್ ವೇ ಫಾರ್ ಟುಮಾರೋ' ಎದುರಾಗುತ್ತದೆ. ಲಿಯೋ ಮೆಕ್ಯಾರಿ ನಿರ್ದೇಶನದ ಆ ಚಿತ್ರಕ್ಕೂ ಒಂದು ಕಾದಂಬರಿಯೇ ಆಧಾರ.

ಹಾಗಾದರೆ ಕಥೆ ಯಾರದು? ಹಿಂದಿಯ ಜನಪ್ರಿಯ ಸಿನಿಮಾ ಸ್ವಂತಿಕೆಯಿಲ್ಲದ್ದು ಎಂಬ ಆರೋಪ ಹೊಸದೇನಲ್ಲ. ಅದೇ ತಾಯಿ, ಅದೇ ಅಗಲಿದ ಅಣ್ಣತಮ್ಮಂದಿರು, ಅದೇ ಸೇಡು, ಅದೇ ಮದುವೆ ಮಂಟಪ ಎಂಬ ಟೀಕೆ ದಶಕಗಳಿಂದ ಕೇಳಿಬರುತ್ತಿದೆ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರೊಡನೊಂದು ಬೆರೆತುಹೋಗಿವೆ. ಹಳೆಯ ವಸ್ತುವನ್ನು ಮತ್ತೆ ಹೇಳುವುದು ಒಂದು. ಇನ್ನೊಬ್ಬರ ಶ್ರಮವನ್ನು ಹೆಸರು ಹೇಳದೆ ತನ್ನದಾಗಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಪರಂಪರೆ, ಎರಡನೆಯದು ಕಳವು. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ತಿಳಿಯಲು ಹುಬ್ಬಳ್ಳಿ-ಧಾರವಾಡ ಒಂದು ಒಳ್ಳೆಯ ತಾಣ.

ಮೂರು ಭಾಷೆಗಳ ಪ್ರೇಕ್ಷಕ

1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲಿದ್ದವು. ರಾಜ್ಯ ಏಕೀಕರಣವಾದರೂ ಚಿತ್ರೋದ್ಯಮದ ಭೂಪಟ ಬದಲಾಗಲಿಲ್ಲ. ಹಿಂದಿ ಚಿತ್ರಗಳ ಹಂಚಿಕೆಯಲ್ಲಿ ಈ ಭಾಗ ಮುಂಬೈ ವಲಯಕ್ಕೇ ಸೇರಿತ್ತು. ಕಲಬುರಗಿ, ರಾಯಚೂರು, ಬೀದರ್ ನಿಜಾಮ್ ವಲಯದಲ್ಲಿದ್ದವು. ದಕ್ಷಿಣದ ಜಿಲ್ಲೆಗಳದ್ದು ಮೈಸೂರು ವಲಯ. ಸರ್ಕಾರ 2021ರಲ್ಲಿ ಮುಂಬೈ ಕರ್ನಾಟಕಕ್ಕೆ 'ಕಿತ್ತೂರು ಕರ್ನಾಟಕ' ಎಂದು ನಾಮಕರಣ ಮಾಡಿತಾದರೂ ಸಿನಿಮಾ ಮಂದಿಯ ಬಾಯಲ್ಲಿ ಹಳೆಯ ಹೆಸರು ಸುಲಭಕ್ಕೆ ಹೋಗುವಂಥದ್ದಲ್ಲ. ಹೀಗಾಗಿ ಇಲ್ಲಿನ ಪ್ರೇಕ್ಷಕ ಹಿಂದಿ ಚಿತ್ರವನ್ನು ಪರಭಾಷೆಯದೆಂದು ದೂರ ನಿಂತು ನೋಡಿದವನಲ್ಲ. ಕನ್ನಡ, ಹಿಂದಿ, ಮರಾಠಿ ಮೂರನ್ನೂ ನೋಡುತ್ತ ಬೆಳೆದ ಈತನಿಗೆ ಯಾವ ಕಥೆ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಬೇಗ ಗೊತ್ತಾಗುತ್ತದೆ.

ಭಾರತೀಯ ಚಿತ್ರರಂಗದ ದಿಗ್ಗಜರಲ್ಲೊಬ್ಬರಾದ ವಿ. ಶಾಂತಾರಾಂ ಅವರ ಸಿನಿಮಾ ನಂಟು ಮೊಳೆತದ್ದೂ ಹುಬ್ಬಳ್ಳಿಯಲ್ಲೇ. ಯೌವನದಲ್ಲಿ ಅವರು ಇಲ್ಲಿನ ರೈಲ್ವೆ ಕಾರ್ಯಾಗಾರದಲ್ಲಿ ದುಡಿಯುತ್ತ, ಸಂಜೆ 'ನ್ಯೂ ಡೆಕ್ಕನ್ ಸಿನಿಮಾ' ಎಂಬ ಟೆಂಟ್ ಮಾದರಿಯ ಚಿತ್ರಮಂದಿರದಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ನಿಂತಿದ್ದರು. ಮುಂದೆ ಕೊಲ್ಹಾಪುರಕ್ಕೆ ಹೋಗಿ ಬಾಬುರಾವ್ ಪೇಂಟರ್ ಅವರ ಬಳಿ ಪಳಗಿದ ಅವರು 1957ರಲ್ಲಿ 'ದೋ ಆಂಖೇ ಬಾರಹ್ ಹಾಥ್' ನಿರ್ದೇಶಿಸಿದರು. ಔಂಧ್ ಸಂಸ್ಥಾನದಲ್ಲಿ ಕೈದಿಗಳನ್ನು ಬಯಲು ಬಂದೀಖಾನೆಯಲ್ಲಿಟ್ಟು ತಿದ್ದಿದ ನಿಜ ಪ್ರಯೋಗವೇ ಅದರ ಬೀಜ. ಸ್ವಂತಿಕೆ ಎಂಬುದು ಯಾರೂ ಕೇಳದ ಕಥೆಯನ್ನು ಶೂನ್ಯದಿಂದ ಸೃಷ್ಟಿಸುವುದಲ್ಲ, ಕಣ್ಣೆದುರಿನ ಬದುಕಿನಿಂದ ಹೆಕ್ಕಿಕೊಳ್ಳುವುದು ಎಂಬುದಕ್ಕೆ ಈ ಚಿತ್ರ ನಿದರ್ಶನ.

ಮರುಕಳಿಸುವ ಮೂರು ಎಳೆಗಳು

ಹಿಂದಿ ಸಿನಿಮಾದಲ್ಲಿ ಅತಿ ಹೆಚ್ಚು ಬಾರಿ ಬಂದು ಹೋದ ವಸ್ತುಗಳನ್ನು ಲೆಕ್ಕ ಹಾಕಿದರೆ ಮೂರು ಎದ್ದು ಕಾಣುತ್ತವೆ.

ಮೊದಲನೆಯದು ಅಗಲಿದ ಕುಟುಂಬ ಒಂದಾಗುವ ಕಥೆ. ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' (1943) ಇದಕ್ಕೆ ಭದ್ರ ಬುನಾದಿ ಹಾಕಿತು. ಕೋಲ್ಕತ್ತದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿದ ಆ ಚಿತ್ರದ ಹಾಡುಗಳಿಗೆ ದನಿಯಾದವರು ಬಾಗಲಕೋಟೆ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ನಂತರ 'ವಕ್ತ್' (1965), 'ಯಾದೋಂಕಿ ಬಾರಾತ್' (1973), 'ಅಮರ್ ಅಕ್ಬರ್ ಆಂಥೋನಿ' (1977) ಇದೇ ದಾರಿಯಲ್ಲಿ ನಡೆದವು. ದೇಶ ವಿಭಜನೆಯಲ್ಲಿ ಸಾವಿರಾರು ಕುಟುಂಬಗಳು ನಿಜವಾಗಿಯೂ ಚದುರಿಹೋದ ಮೇಲೆ ಈ ಕಥೆಗೆ ಬೇರೆಯದೇ ಅರ್ಥ ಬಂತು ಎಂಬುದನ್ನು ಮರೆಯುವಂತಿಲ್ಲ.

ಎರಡನೆಯದು ಕಾನೂನಿನ ಎರಡು ಬದಿಯಲ್ಲಿ ನಿಂತ ಸಹೋದರರ ಕಥೆ. 'ಗಂಗಾ ಜಮುನಾ' (1961) ಮತ್ತು 'ದೀವಾರ್' (1975) ಇದರ ಪ್ರಸಿದ್ಧ ಮಾದರಿಗಳು. ಮೂರನೆಯದು ಮಗನಿಗಿಂತ ನ್ಯಾಯವೇ ದೊಡ್ಡದೆನ್ನುವ ತಾಯಿಯ ಕಥೆ. ಮೆಹಬೂಬ್ ಖಾನ್ ಅವರ 'ಮದರ್ ಇಂಡಿಯಾ' (1957) ಇದರ ಶಿಖರ. ಆ ಚಿತ್ರ ಸ್ವತಃ ಅವರೇ 1940ರಲ್ಲಿ ತೆಗೆದ 'ಔರತ್'ನ ಪುನರ್ನಿರ್ಮಾಣ ಎಂಬುದು ಗಮನಾರ್ಹ. ಒಬ್ಬ ನಿರ್ದೇಶಕ ತನ್ನದೇ ಕಥೆಯನ್ನು 17 ವರ್ಷಗಳ ಬಳಿಕ ಮತ್ತೆ ಹೇಳಿದಾಗ ಮೊದಲಿನದಕ್ಕಿಂತ ದೊಡ್ಡ ಕೃತಿ ಹುಟ್ಟಿತು.

ಈ ಎಳೆಗಳ ಮೂಲ ಸಿನಿಮಾಕ್ಕಿಂತ ಬಹಳ ಹಿಂದಿನದು. ಹೆತ್ತ ತಾಯಿಯಿಂದ ಬೇರಾಗಿ, ಕೊನೆಗೆ ತಮ್ಮಂದಿರ ವಿರುದ್ಧವೇ ಬಿಲ್ಲು ಹಿಡಿದ ಕರ್ಣನ ಕಥೆ ತಿಳಿಯದ ಭಾರತೀಯ ಪ್ರೇಕ್ಷಕನಿಲ್ಲ. ಉಂಗುರ ಕಳೆದು ಗುರುತು ತಪ್ಪಿದ ಶಕುಂತಲೆ, ಕಾಡಿನಲ್ಲಿ ಬೆಳೆದು ತಂದೆಯನ್ನೇ ಎದುರಿಸಿದ ಲವಕುಶರು ಪಾರ್ಸಿ ರಂಗಭೂಮಿ ಮತ್ತು ಕಂಪನಿ ನಾಟಕಗಳ ಮೂಲಕ ಬೆಳ್ಳಿತೆರೆಗೆ ಬಂದರು. ರಂಗಭೂಮಿಯಲ್ಲಿಯೂ ಕೊಡುಕೊಳ್ಳುವಿಕೆ ನಡೆದೇ ಇತ್ತು. 1840ರ ದಶಕದಲ್ಲಿ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಯಲ್ಲಿ ನೀಡಿದ ಪ್ರದರ್ಶನವೇ ವಿಷ್ಣುದಾಸ ಭಾವೆ ಅವರ ಮೊದಲ ಮರಾಠಿ ನಾಟಕಕ್ಕೆ ಪ್ರೇರಣೆಯಾಯಿತು. 1880ರಲ್ಲಿ 'ಶಾಕುಂತಲ' ಆಡಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆ ಮರಾಠಿ ನಾಟಕಗಳು ಉತ್ತರ ಕರ್ನಾಟಕಕ್ಕೆ ಬಂದಾಗ ಇಲ್ಲಿನ ಕನ್ನಡ ನಾಟಕ ಕಂಪನಿಗಳಿಗೆ ಅವೇ ಸ್ಪರ್ಧಿಗಳೂ ಮಾದರಿಗಳೂ ಆದವು. ಕೊಟ್ಟವರಾರು, ಪಡೆದವರಾರು ಎಂದು ಇಲ್ಲಿ ಗೆರೆ ಎಳೆಯುವುದು ಕಷ್ಟ.

ಕನ್ನಡದಿಂದ ಹೋದದ್ದು

ಹಿಂದಿಯಿಂದ ಕನ್ನಡಕ್ಕೆ ಬಂದದ್ದನ್ನು ಎಲ್ಲರೂ ಬಲ್ಲರು. ಕನ್ನಡದಿಂದ ಹಿಂದಿಗೆ ಹೋದದ್ದರ ಪಟ್ಟಿಯೂ ಚಿಕ್ಕದಲ್ಲ.

ತ.ರಾ. ಸುಬ್ಬರಾಯರ 'ಹಂಸಗೀತೆ' ಕಾದಂಬರಿ 1956ರಲ್ಲಿ ರಾಜಾ ನವಾಥೆ ನಿರ್ದೇಶನದ 'ಬಸಂತ್ ಬಹಾರ್' ಆಯಿತು. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ ಹಿಂದಿಯಲ್ಲಿ ಗೋಪಾಲನಾದ; ಕರ್ನಾಟಕ ಸಂಗೀತದ ಜಾಗದಲ್ಲಿ ಹಿಂದೂಸ್ತಾನಿ ಬಂತು. ಆ ಚಿತ್ರದ ಸ್ಪರ್ಧೆಯ ಹಾಡಿನಲ್ಲಿ ಮನ್ನಾ ಡೇ ಅವರಿಗೆ ಎದುರಾಗಿ ಹಾಡಿದವರು ಅಂದಿನ ಅವಿಭಜಿತ ಧಾರವಾಡ ಜಿಲ್ಲೆಯವರೇ ಆದ ಪಂಡಿತ ಭೀಮಸೇನ ಜೋಶಿ. ಕಥೆ ಚಿತ್ರದುರ್ಗದ್ದು, ಕಂಠ ಗದುಗಿನದು, ಚಿತ್ರ ಮುಂಬೈಯದು. ಇದೇ ಕಾದಂಬರಿ ಕನ್ನಡದಲ್ಲಿ ಚಿತ್ರವಾಗಲು ಮಾತ್ರ ಇನ್ನೂ 19 ವರ್ಷ ಕಾಯಬೇಕಾಯಿತು. ಜಿ.ವಿ. ಅಯ್ಯರ್ ಅವರ 'ಹಂಸಗೀತೆ' ಬಂದದ್ದು 1975ರಲ್ಲಿ.

ತ.ರಾ.ಸು. ಅವರದೇ ಮೂರು ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ನಿರ್ದೇಶಿಸಿದರು. ಚಿತ್ರ ಜಯಭೇರಿ ಬಾರಿಸಿತಾದರೂ ಲೇಖಕರಿಗೆ ಅದು ಸಮಾಧಾನ ತಂದಿರಲಿಲ್ಲ. ನಾಗರಹಾವನ್ನು ಕೆರೆಹಾವು ಮಾಡಿದರೆಂಬ ಅವರ ಆಕ್ಷೇಪ ಇಂದಿಗೂ ಜನಜನಿತ. 1974ರಲ್ಲಿ ಪುಟ್ಟಣ್ಣ ಅವರೇ ಅದನ್ನು ರಿಷಿ ಕಪೂರ್ ನಾಯಕರಾಗಿದ್ದ 'ಜಹರೀಲಾ ಇನ್ಸಾನ್' ಆಗಿ ಹಿಂದಿಗೆ ತಂದರು. ಅದು ಗೆಲ್ಲಲಿಲ್ಲ. ನಿರ್ದೇಶಕ ಅವರೇ, ಕಥೆ ಅದೇ. ಆದರೆ ದುರ್ಗದ ನೆಲ, ಚಾಮಯ್ಯ ಮೇಷ್ಟ್ರ ಮಾತು, ರಾಮಾಚಾರಿಯ ಊರು ಅನುವಾದವಾಗಲಿಲ್ಲ. ಒಂದು ಚಿತ್ರದ ಸ್ವಂತಿಕೆ ಕಥೆಯ ಸಾರಾಂಶದಲ್ಲಿ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

1973ರ 'ಗಂಧದ ಗುಡಿ' 1979ರಲ್ಲಿ ಧರ್ಮೇಂದ್ರ ಅಭಿನಯದ 'ಕರ್ತವ್ಯ' ಆಯಿತು. ಪ್ರಾಮಾಣಿಕ ಅರಣ್ಯಾಧಿಕಾರಿಯ ಎದುರು ನಿಂತವನು ಅವನ ಸೋದರನೇ ಆಗಿರುವ ಈ ಕಥೆ ಮೇಲೆ ಹೇಳಿದ ಸಹೋದರರ ಎಳೆಯದ್ದೇ. 'ದೀವಾರ್'ಗಿಂತ ಎರಡು ವರ್ಷ ಹಿರಿಯದು. ಆದರೆ ಅದಕ್ಕೆ ಕಾಡು ಮತ್ತು ಕಾಡಿನ ಕಳ್ಳಸಾಗಣೆ ಎಂಬ ಹೊಸ ನೆಲೆ ಸಿಕ್ಕಿದ್ದರಿಂದ ಅದು ಬೇರೆಯದೇ ಚಿತ್ರವಾಯಿತು. ಡಾ. ರಾಜ್‌ಕುಮಾರ್ ಮೂರು ಪಾತ್ರಗಳಲ್ಲಿ ಕಾಣಿಸಿಕೊಂಡ 'ಶಂಕರ್ ಗುರು' (1978) ಅಮಿತಾಭ್ ಬಚ್ಚನ್ ಅವರ 'ಮಹಾನ್' (1983) ಆಗಿ ಮಾರ್ಪಟ್ಟಿತು.

ಎಚ್.ಜಿ. ರಾಧಾದೇವಿ ಅವರ ಕಾದಂಬರಿ ಆಧರಿಸಿದ 'ಅನುರಾಗ ಅರಳಿತು' (1986) ಪಯಣವಂತೂ ದೀರ್ಘವಾದುದು. 1992ರಲ್ಲಿ ತೆಲುಗಿನಲ್ಲಿ 'ಘರಾನಾ ಮೊಗುಡು', ಅದೇ ವರ್ಷ ತಮಿಳಿನಲ್ಲಿ 'ಮನ್ನನ್', 1994ರಲ್ಲಿ ಹಿಂದಿಯಲ್ಲಿ 'ಲಾಡ್ಲಾ'. ಹಿಂದಿಯ ಪ್ರೇಕ್ಷಕರಿಗೆ ಅದು ಅನಿಲ್ ಕಪೂರ್ ಮತ್ತು ಶ್ರೀದೇವಿಯ ಚಿತ್ರ. ಅದರ ಹಿಂದೆ ಕನ್ನಡದ ಒಬ್ಬ ಲೇಖಕಿ ಕುಳಿತು ಬರೆದ ಪುಟಗಳಿವೆ ಎಂಬುದು ಎಷ್ಟು ಜನರಿಗೆ ಗೊತ್ತಿದೆ? ಇಷ್ಟಕ್ಕೂ, ಅಹಂಕಾರಿ ಸಿರಿವಂತೆ ಹುಡುಗಿಯನ್ನು ಬಡವ ನಾಯಕ ಪಳಗಿಸುವ ವಸ್ತು ಷೇಕ್ಸ್‌ಪಿಯರ್ ಕಾಲದ್ದು. ಅದೇ ಷೇಕ್ಸ್‌ಪಿಯರ್ ನಾಟಕವನ್ನು ಪರ್ವತವಾಣಿ ಕನ್ನಡದ ಮಣ್ಣಿಗೆ ಒಗ್ಗಿಸಿದ್ದರು. ಅವರ ನಾಟಕವೇ 1989ರ 'ನಂಜುಂಡಿ ಕಲ್ಯಾಣ'ಕ್ಕೆ ಆಧಾರ. ವಸ್ತು ಯಾರ ಸೊತ್ತೂ ಅಲ್ಲ. ಅದಕ್ಕೆ ಕೊಟ್ಟ ರೂಪ ಮಾತ್ರ ಬರೆದವರದ್ದು.

ಕಾನೂನು ಹೇಳುವುದೇನು?

ನ್ಯಾಯಾಲಯವೂ ಹೇಳಿರುವುದು ಇದನ್ನೇ. 1953ರಲ್ಲಿ ಆರ್.ಜಿ. ಆನಂದ್ ಎಂಬ ದೆಹಲಿಯ ನಾಟಕಕಾರರು 'ಹಮ್ ಹಿಂದೂಸ್ತಾನಿ' ಎಂಬ ನಾಟಕ ಬರೆದರು. ಪಂಜಾಬಿ ಮತ್ತು ಮದ್ರಾಸಿ ಕುಟುಂಬಗಳ ನಡುವಿನ ಪ್ರಾಂತೀಯ ಪೂರ್ವಗ್ರಹ ಅದರ ವಸ್ತು. 1956ರಲ್ಲಿ ಅದೇ ವಸ್ತುವಿನ 'ನ್ಯೂ ಡೆಲ್ಲಿ' ಎಂಬ ಹಿಂದಿ ಚಿತ್ರ ತೆರೆಗೆ ಬಂತು. ತಮ್ಮ ನಾಟಕವನ್ನೇ ಕದಿಯಲಾಗಿದೆ ಎಂದು ಆನಂದ್ ಮೊಕದ್ದಮೆ ಹೂಡಿದರು. ಕೆಳಗಿನ ನ್ಯಾಯಾಲಯ, ಹೈಕೋರ್ಟ್ ದಾಟಿ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 1978ರಲ್ಲಿ ಅಂತಿಮ ತೀರ್ಪು ಬಂದಾಗ ಆನಂದ್ ಅವರಿಗೆ ಸೋಲಾಯಿತು. ಆ ಚಿತ್ರದ ನಿರ್ದೇಶಕ ಮೋಹನ್ ಸೆಹಗಲ್ ಅವರೇ ಮರುವರ್ಷ 'ಗಂಧದ ಗುಡಿ'ಯ ಹಿಂದಿ ಅವತರಣಿಕೆಯಾದ 'ಕರ್ತವ್ಯ'ವನ್ನೂ ನಿರ್ದೇಶಿಸಿದ್ದು ಕಾಕತಾಳೀಯ.

ಆಲೋಚನೆ, ವಿಷಯ, ವಸ್ತು, ಕಥಾಹಂದರ, ಚಾರಿತ್ರಿಕ ಅಥವಾ ಪೌರಾಣಿಕ ಸಂಗತಿಗಳಿಗೆ ಕೃತಿಸ್ವಾಮ್ಯ ಇರುವುದಿಲ್ಲ ಎಂದು ಆ ತೀರ್ಪು ಸ್ಪಷ್ಟಪಡಿಸಿತು. ಕೃತಿಸ್ವಾಮ್ಯವಿರುವುದು ಆ ವಸ್ತುವನ್ನು ಹೇಳಿದ ರೀತಿಗೆ, ಜೋಡಿಸಿದ ಕ್ರಮಕ್ಕೆ, ಅಭಿವ್ಯಕ್ತಿಗೆ. ಎರಡೂ ಕೃತಿಗಳನ್ನು ನೋಡಿದ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ನಕಲು ಎಂಬ ನಿಸ್ಸಂದೇಹ ಭಾವನೆ ಬರುತ್ತದೆಯೇ ಎಂಬುದೇ ಮುಖ್ಯ ಪರೀಕ್ಷೆ. ಈ ಅಳತೆಗೋಲು ನಾಲ್ಕೂವರೆ ದಶಕಗಳ ಬಳಿಕವೂ ಬಳಕೆಯಲ್ಲಿದೆ.

ಈ ಅಳತೆಗೋಲಿನಿಂದ ನೋಡಿದರೆ 'ಶೋಲೆ' (1975) ನಕಲಾಗುವುದಿಲ್ಲ. ದರೋಡೆಕೋರರಿಂದ ಹಳ್ಳಿಯನ್ನು ಕಾಯಲು ಕೂಲಿ ಕಾದಾಳುಗಳನ್ನು ಕರೆತರುವ ಕಲ್ಪನೆ ಜಪಾನಿನ ಅಕಿರಾ ಕುರೋಸಾವಾ ಅವರ 'ಸೆವೆನ್ ಸಮುರಾಯ್' (1954) ಚಿತ್ರದಲ್ಲಿದೆ. ಆದರೆ ರಾಮನಗರದ ಬಂಡೆಗಳ ನಡುವೆ ಸಲೀಂ-ಜಾವೇದ್ ಬರೆದ ಮಾತುಗಳು, ಗಬ್ಬರ್ ಸಿಂಗ್ ಎಂಬ ಖಳ, ಜೈ ಮತ್ತು ವೀರು ಎಂಬ ಗೆಳೆಯರು ಬೇರೆ ಎಲ್ಲಿಯೂ ಇಲ್ಲ. ಧಾರವಾಡದಲ್ಲಿ ಕಲಿತ ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' (1978) ಚಿತ್ರಕ್ಕೆ ಅದೇ ಕುರೋಸಾವಾರಿಂದ ಪ್ರೇರಣೆ ಪಡೆದು, ಆ ಋಣವನ್ನು ಮುಕ್ತವಾಗಿ ಒಪ್ಪಿಕೊಂಡರು. ಪ್ರೇರಣೆಯನ್ನು ಒಪ್ಪಿಕೊಳ್ಳುವುದರಿಂದ ಕೃತಿಯ ಗೌರವ ಕುಗ್ಗುವುದಿಲ್ಲ.

ಕಾನೂನಿನ ಇನ್ನೊಂದು ಮುಖ ಹಣದ್ದು. 2012ರ ಕೃತಿಸ್ವಾಮ್ಯ ತಿದ್ದುಪಡಿ ಕಥೆ, ಸಾಹಿತ್ಯ, ಸಂಗೀತ ರಚಿಸಿದವರಿಗೆ ಚಿತ್ರಮಂದಿರದ ಆಚೆಗಿನ ಬಳಕೆಯಿಂದ ಬರುವ ಗೌರವಧನದ ಹಕ್ಕನ್ನು ನೀಡಿತು. ಆ ಹಕ್ಕನ್ನು ಅವರು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲ. ಅದಕ್ಕೆ ಮುನ್ನ ಒಮ್ಮೆ ಹಕ್ಕು ಮಾರಿದ ಕಾದಂಬರಿಕಾರನಿಗೆ ತನ್ನ ಕಥೆ ಎಷ್ಟು ಭಾಷೆಗಳನ್ನು ಸುತ್ತಿದರೂ ಕೈಗೆ ಏನೂ ಬರದ ಸ್ಥಿತಿ ಸಾಮಾನ್ಯವಾಗಿತ್ತು. ಸ್ವಂತಿಕೆಯ ಚರ್ಚೆ ಕೇವಲ ವಿಮರ್ಶಕರ ವಾಗ್ವಾದವಲ್ಲ, ಬರೆಯುವವರ ಅನ್ನದ ಪ್ರಶ್ನೆಯೂ ಹೌದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಗಾಜಿನ ಮನೆಯೊಳಗಿಂದ

ಹಿಂದಿಯತ್ತ ಬೆರಳು ತೋರಿಸುವ ಮುನ್ನ ಕನ್ನಡ ಚಿತ್ರರಂಗ ತನ್ನತ್ತಲೂ ನೋಡಿಕೊಳ್ಳಬೇಕಾಗುತ್ತದೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರಂಥ ಸಾಹಿತಿಗಳು, ಡಾ. ರಾಜ್‌ಕುಮಾರ್ ಅವರಂಥ ಕಲಾವಿದರು ಡಬ್ಬಿಂಗ್ ವಿರುದ್ಧ ಹೋರಾಡಿದರು. ಅಂದು ಮದರಾಸಿನ ಸ್ಟುಡಿಯೋಗಳಲ್ಲಿ ಅವಕಾಶಕ್ಕಾಗಿ ಕಾಯುತ್ತಿದ್ದ ಕನ್ನಡ ಕಲಾವಿದರಿಗೆ, ತಂತ್ರಜ್ಞರಿಗೆ ಆ ಹೋರಾಟ ಬದುಕು ನೀಡಿತು ಎಂಬುದು ನಿಜ. ಆದರೆ ಬೇರೆ ಭಾಷೆಯ ಚಿತ್ರವನ್ನು ಕನ್ನಡದ ದನಿಯಲ್ಲಿ ತೋರಿಸುವ ಬಾಗಿಲು ಮುಚ್ಚಿದಾಗ ರೀಮೇಕ್‌ನ ಬಾಗಿಲು ಅಗಲವಾಗಿ ತೆರೆಯಿತು. 'ಮುನ್ನಾಭಾಯಿ ಎಂಬಿಬಿಎಸ್' (2003) ಕನ್ನಡದಲ್ಲಿ 'ಉಪ್ಪಿ ದಾದಾ ಎಂಬಿಬಿಎಸ್' (2006) ಆಯಿತು. ಮಲಯಾಳದ 'ಮಣಿಚಿತ್ರತ್ತಾಳ್' (1993) ಕನ್ನಡದಲ್ಲಿ 'ಆಪ್ತಮಿತ್ರ'ವಾಗಿ (2004) ಗೆದ್ದ ಮೂರು ವರ್ಷಗಳ ಬಳಿಕ ಹಿಂದಿಯಲ್ಲಿ 'ಭೂಲ್ ಭುಲಯ್ಯಾ' ಬಂತು. 'ದೃಶ್ಯಂ' (2013) ಕನ್ನಡಕ್ಕೆ 2014ರಲ್ಲಿ, ಹಿಂದಿಗೆ 2015ರಲ್ಲಿ ಕಾಲಿಟ್ಟಿತು. ಈ ವಿಚಾರದಲ್ಲಿ ಹಿಂದಿ, ಕನ್ನಡ ಎರಡೂ ಒಂದೇ ಸರತಿಯಲ್ಲಿ ನಿಂತ ಗಿರಾಕಿಗಳು.

ಡಬ್ಬಿಂಗ್ ಮೇಲಿನ ಅಘೋಷಿತ ನಿಷೇಧ ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿತು. ಅಲ್ಲಿಂದೀಚೆಗೆ ಗಾಳಿ ಎರಡೂ ದಿಕ್ಕಿಗೆ ಬೀಸಿದೆ. ಕನ್ನಡದ 'ಕೆಜಿಎಫ್' (2018), ಅದರ ಎರಡನೇ ಭಾಗ ಮತ್ತು 'ಕಾಂತಾರ' (ಎರಡೂ 2022) ಹಿಂದಿಗೆ ರೀಮೇಕ್ ಆಗದೆ, ಹಿಂದಿಯ ದನಿ ಪಡೆದು ನೇರವಾಗಿ ಹೋದವು. 'ಕೆಜಿಎಫ್' ಎರಡನೇ ಭಾಗದ ಹಿಂದಿ ಅವತರಣಿಕೆಯೊಂದೇ 400 ಕೋಟಿ ರೂ.ಗೂ ಹೆಚ್ಚು ಗಳಿಸಿತು. ತಾಯಿಗೆ ಕೊಟ್ಟ ಮಾತು, ಬಡತನದಿಂದ ಎದ್ದ ಕೋಪಿಷ್ಠ ತರುಣ, ಭೂಗತ ಲೋಕ: 'ದೀವಾರ್' ಕಂಡ ತಲೆಮಾರಿಗೆ ಇದಾವುದೂ ಹೊಸದಲ್ಲ. ಹಿಂದಿ ಸಿನಿಮಾ ತಾನೇ ಕೈಬಿಟ್ಟಿದ್ದ ಎಳೆಯನ್ನು ಕೋಲಾರದ ಚಿನ್ನದ ಗಣಿಯ ಹಿನ್ನೆಲೆಯಲ್ಲಿಟ್ಟು ಕನ್ನಡ ಚಿತ್ರವೊಂದು ಅದಕ್ಕೇ ಹಿಂದಿರುಗಿಸಿತು. 'ಕಾಂತಾರ'ದಲ್ಲಿರುವುದೂ ಭೂಮಿ ಕಸಿಯುವ ಒಡೆಯ ಮತ್ತು ಎದ್ದು ನಿಲ್ಲುವ ಹಳ್ಳಿಗನ ಹಳೆಯ ಕಥೆಯೇ. ಅದನ್ನು ಹೊಸದಾಗಿಸಿದ್ದು ಕರಾವಳಿಯ ಭೂತಕೋಲ. ಅದೇ ಚಿತ್ರದ ಒಂದು ಹಾಡು ಕೇರಳದ ಸಂಗೀತ ತಂಡವೊಂದರ ರಚನೆಯನ್ನು ಹೋಲುತ್ತದೆ ಎಂಬ ದೂರು 2022ರಲ್ಲಿಯೇ ನ್ಯಾಯಾಲಯದ ಮೆಟ್ಟಿಲೇರಿತು. ಸ್ವಂತಿಕೆಯ ಹೆಮ್ಮೆ ಮತ್ತು ನಕಲಿನ ಆರೋಪ ಒಂದೇ ಚಿತ್ರದ ಬೆನ್ನಿಗೆ ಬರಬಲ್ಲವು.

ಹಾಗಾದರೆ ಅಳೆಯುವುದು ಹೇಗೆ?

ಕಥೆಯ ಎರಡು ಸಾಲಿನ ಸಾರಾಂಶವನ್ನು ಹೋಲಿಸಿ ನಕಲು ಎನ್ನುವುದು ಸುಲಭ. ಹಾಗೆ ನೋಡಿದರೆ ಯಾವ ಚಿತ್ರವೂ ಉಳಿಯದು. ನೋಡಬೇಕಾದದ್ದು ಮೂರು ಸಂಗತಿ. ಹಳೆಯ ವಸ್ತುವಿಗೆ ಈ ಚಿತ್ರ ಹೊಸದೊಂದು ನೆಲ, ಕಾಲ, ಪ್ರಶ್ನೆ ಕೊಟ್ಟಿದೆಯೇ? ದೃಶ್ಯಗಳ ಜೋಡಣೆ, ಮಾತು, ತಿರುವು ಇನ್ನೊಂದು ಚಿತ್ರದ್ದೇ ಆಗಿದ್ದರೆ ಅದರ ಹಕ್ಕು ಪಡೆಯಲಾಗಿದೆಯೇ? ಮತ್ತು ಮೂಲ ಲೇಖಕರ ಹೆಸರು ಪರದೆಯ ಮೇಲೆ ಓದಲು ಸಿಗುವಂತೆ ಬಂದಿದೆಯೇ?

ಮೊದಲಿಗೆ ಹೇಳಿದ ವೃದ್ಧ ದಂಪತಿಯ ಕಥೆಯನ್ನೇ ಮತ್ತೆ ನೋಡಬಹುದು. 1937ರ ಹಾಲಿವುಡ್ ಚಿತ್ರದಲ್ಲಿ ಅವರ ನೆರವಿಗೆ ಯಾರೂ ಬರುವುದಿಲ್ಲ. ರೈಲು ನಿಲ್ದಾಣದಲ್ಲಿ ಗಂಡ ಹೆಂಡತಿ ಅಗಲುವುದರೊಂದಿಗೆ ಚಿತ್ರ ಮುಗಿಯುತ್ತದೆ. ಕನ್ನಡದ ಮೇಷ್ಟ್ರಿಗೆ ಶಿಷ್ಯ ಸಿಕ್ಕ. 'ಬಾಗ್‌ಬಾನ್'ನ ತಂದೆಗೆ ಸಾಕುಮಗ ಸಿಕ್ಕ. ಗುರುವಿನ ಋಣವನ್ನು ನಂಬಿದ 1958ರ ಸಮಾಜಕ್ಕೂ, ಬ್ಯಾಂಕ್ ನೌಕರನ ನಿವೃತ್ತಿ ಹಣದ ಲೆಕ್ಕ ಹಾಕಿದ 2003ರ ಸಮಾಜಕ್ಕೂ ಇರುವ ಅಂತರ ಈ ಎರಡು ಅಂತ್ಯಗಳ ನಡುವೆ ಕಾಣುತ್ತದೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿ, ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ವೃದ್ಧರಿಬ್ಬರೇ ಉಳಿದಿರುವ ಮನೆಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಅದೇ ಕಥೆಯನ್ನು ಇನ್ನೊಬ್ಬರು ಮತ್ತೆ ಹೇಳಿದರೆ ಅದು ತಪ್ಪಲ್ಲ. ಹೇಳುವಾಗ ತಮ್ಮ ಕಾಲದ ಸತ್ಯವನ್ನು ಹೇಳಬೇಕು, ಯಾರಿಂದ ಪಡೆದೆವೋ ಅವರ ಹೆಸರನ್ನು ಉಳಿಸಬೇಕು. ಪ್ರೇಕ್ಷಕ ಚಿತ್ರರಂಗದಿಂದ ನಿರೀಕ್ಷಿಸಬಹುದಾದ ಸ್ವಂತಿಕೆ ಇಷ್ಟೇ, ಮತ್ತು ಇಷ್ಟನ್ನು ನಿರೀಕ್ಷಿಸುವುದು ಅವನ ಹಕ್ಕೂ ಹೌದು.